ಕಿರುಚುವುದೂ ನಟನೆಯೇ

2023ರ ಮಾರ್ಚ್‌ನಲ್ಲಿ ಅಮೆರಿಕದ ನಟಿ ಜೇಮಿ ಲೀ ಕರ್ಟಿಸ್ ಆಸ್ಕರ್ ಪ್ರಶಸ್ತಿ ಪಡೆದರು. ಆಗ ಅವರಿಗೆ 64 ವರ್ಷ. ಆಸ್ಕರ್‌ಗೆ ಅವರ ಹೆಸರು ನಾಮನಿರ್ದೇಶನ ಆಗಿದ್ದೇ ಅದು ಮೊದಲ ಸಲ. ‘ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್’ ಸಿನಿಮಾದ ತೆರಿಗೆ ಅಧಿಕಾರಿ ಪಾತ್ರಕ್ಕೆ ಸಿಕ್ಕ ಪ್ರಶಸ್ತಿ ಅದು. ಆದರೆ ಜನ ಅವರನ್ನು ಗುರುತಿಸುವುದು ಹಾರರ್ ಸಿನಿಮಾಗಳಿಂದ. ಆ ಸಿನಿಮಾಗಳಿಗೆ ಆಸ್ಕರ್‌ನವರು ಒಮ್ಮೆಯೂ ಅವರ ಹೆಸರು ಎತ್ತಲಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

1978ರ ‘ಹ್ಯಾಲೋವೀನ್’ ಅವರ ಮೊದಲ ಸಿನಿಮಾ. ಆಗ ಅವರಿಗಿನ್ನೂ 19 ವರ್ಷ. ಹ್ಯಾಲೋವೀನ್ ಎಂದರೆ ಅಕ್ಟೋಬರ್ 31ರ ರಾತ್ರಿ ಅಮೆರಿಕದ ಮಕ್ಕಳು ದೆವ್ವ-ಭೂತದ ವೇಷ ಹಾಕಿ ಮನೆಮನೆಗೆ ಹೋಗಿ ಸಿಹಿ ಕೇಳುವ ಹಬ್ಬ. ಆ ರಾತ್ರಿ ಮುಖವಾಡ ತೊಟ್ಟ ಕೊಲೆಗಾರನೊಬ್ಬ ಊರಿಗೆ ಬರುತ್ತಾನೆ. ಪಕ್ಕದ ಮನೆಗಳ ಮಕ್ಕಳನ್ನು ನೋಡಿಕೊಳ್ಳುತ್ತಿರುವ ಲೋರಿ ಎಂಬ ಹುಡುಗಿ ಅವನನ್ನು ಎದುರಿಸಬೇಕು.

ನಿರ್ದೇಶಕ ಜಾನ್ ಕಾರ್ಪೆಂಟರ್ ಬಳಿ ಇದ್ದದ್ದು ಸುಮಾರು 3 ಲಕ್ಷ ಡಾಲರ್ ಮಾತ್ರ. ಕೊಲೆಗಾರನ ಮುಖವಾಡವೂ ಅಂಗಡಿಯಿಂದ ತಂದು ಬಿಳಿ ಬಣ್ಣ ಬಳಿದದ್ದು. ಹೀಗಿರುವಾಗ ಹೆದರಿಕೆ ಎಲ್ಲಿಂದ ಬರಬೇಕು? ಲೋರಿಯ ಮುಖದಿಂದಲೇ. ಆಕೆ ಹೆದರಿದರೆ ಮಾತ್ರ ನಾವು ಹೆದರುತ್ತೇವೆ.

ಇದು ಸುಲಭದ ಕೆಲಸವಲ್ಲ. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ಚಿತ್ರಿಸುತ್ತಿರಲಿಲ್ಲ. ಅದಕ್ಕೇ ಕಾರ್ಪೆಂಟರ್ ಪ್ರತಿ ದೃಶ್ಯಕ್ಕೂ ಭಯದ ಒಂದು ಅಳತೆ ಮಾಡಿಕೊಂಡಿದ್ದರು. ಇವತ್ತು ಇಷ್ಟು ಹೆದರಬೇಕು, ನಾಳೆ ಇಷ್ಟು ಎಂದು ನೋಡಿಕೊಂಡು ಕರ್ಟಿಸ್ ನಟಿಸಬೇಕಿತ್ತು. ಸಿನಿಮಾ ನೋಡಿ: ಮೊದಲು ಸಣ್ಣ ಅನುಮಾನ, ಆಮೇಲೆ ಅಳುಕು, ಕೊನೆಗೆ ಬಟ್ಟೆಯ ಕಪಾಟಿನೊಳಗೆ ಮುದುರಿ ಕೂತು, ಕೈಗೆ ಸಿಕ್ಕ ಹ್ಯಾಂಗರ್ ತಂತಿಯಿಂದಲೇ ತಿರುಗಿ ಹೊಡೆಯುವ ಹಂತ. ಅಳುವ ಪಾತ್ರ ಮಾಡಿದರೆ ‘ಅಭಿನಯ’ ಅನ್ನುತ್ತೇವೆ. ಇದನ್ನೇಕೆ ಬರೀ ಕಿರುಚಾಟ ಅನ್ನಬೇಕು?

‘ಅವರು ಸಿನಿಮಾ ಮಂದಿಯ ಮಗಳಲ್ಲವೇ’ ಎಂದು ನೀವು ಕೇಳಬಹುದು. ನಿಜ. ತಂದೆ ಟೋನಿ ಕರ್ಟಿಸ್, ತಾಯಿ ‘ಸೈಕೋ’ ಸಿನಿಮಾದ ಜಾನೆಟ್ ಲೀ. ಹೆತ್ತವರ ಹೆಸರಿನಿಂದ ಅನುಕೂಲವಾಯಿತೆಂದು ಅವರೇ ಒಪ್ಪಿದ್ದಾರೆ. ಆದರೆ ಅವಕಾಶ ಕೊಡಿಸುವ ಹೆಸರು, ನಾಲ್ಕು ದಶಕ ಜನರನ್ನು ಥಿಯೇಟರಿಗೆ ಕರೆತರಲಾರದು.

1980ರಲ್ಲಿ ‘ದಿ ಫಾಗ್’, ‘ಪ್ರಾಮ್ ನೈಟ್’, ‘ಟೆರರ್ ಟ್ರೇನ್’ ಬಂದವು. ಅವರಿಗೆ ‘ಸ್ಕ್ರೀಮ್ ಕ್ವೀನ್’, ಅಂದರೆ ಕಿರುಚಾಟದ ರಾಣಿ, ಎಂಬ ಹೆಸರು ಬಿತ್ತು. ಮುಂದೆ ‘ಟ್ರೇಡಿಂಗ್ ಪ್ಲೇಸಸ್’, ‘ಟ್ರೂ ಲೈಸ್’ ಸಿನಿಮಾಗಳಲ್ಲಿ ನಗಿಸಿಯೂ ಗೆದ್ದರು. ಆದರೂ ಹಾರರ್ ಬಿಡಲಿಲ್ಲ. 2018ರಲ್ಲಿ ಮತ್ತೆ ಲೋರಿಯಾಗಿ ಬಂದರು, ಈ ಸಲ ಅಜ್ಜಿಯಾಗಿ. 40 ವರ್ಷದ ಹಿಂದಿನ ಆ ರಾತ್ರಿ ಒಬ್ಬ ಹೆಣ್ಣಿನ ನಿದ್ದೆ, ಸಂಸಾರ, ಮಗಳ ಪ್ರೀತಿ ಎಲ್ಲವನ್ನೂ ಹೇಗೆ ಕಿತ್ತುಕೊಂಡಿತು ಎಂಬುದನ್ನು ಅಲ್ಲಿ ತೋರಿಸಿದ್ದಾರೆ. ನನ್ನ ಮಟ್ಟಿಗೆ ಅವರ ಶ್ರೇಷ್ಠ ನಟನೆ ಅದೇ.

ಆಸ್ಕರ್ ವೇದಿಕೆಯಲ್ಲಿ ಕರ್ಟಿಸ್ ತಮ್ಮ ಇಂಥ ಸಿನಿಮಾಗಳನ್ನು ಇಷ್ಟು ವರ್ಷ ನೋಡಿ ಬೆಂಬಲಿಸಿದವರನ್ನು ನೆನೆದು, ಈ ಗೆಲುವು ಅವರದೂ ಹೌದು ಎಂದರು. ತಾವು ಬಂದ ದಾರಿಗೆ ಅವರು ನಾಚಿಕೊಳ್ಳಲಿಲ್ಲ. ಪ್ರಶಸ್ತಿ ಕೊಡುವವರೂ ಆ ದಾರಿಯನ್ನು ಕೀಳಾಗಿ ಕಾಣುವುದನ್ನು ಬಿಡಲಿ.