ಊಟದ ಮೇಜಿನ ಮೇಲೆ ಒಂದೂವರೆ ಅಡಿ ಹಳಿ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾನು ಮಾಡಿದ ಕೆಲಸ ಇಷ್ಟೇ: ಒಂದೂವರೆ ಅಡಿ ಉದ್ದದ ರೈಲು ಹಳಿ. ನಡುವೆ ಒಂದು ಹಳಿ ಎರಡಾಗಿ ಕವಲೊಡೆಯುವ ಪಾಯಿಂಟ್ಸ್. ಮೇಲೆ ಓಡೋಕೆ ಒಂದೇ ಒಂದು ಗೂಡ್ಸ್ ವ್ಯಾಗನ್. ಎಂಜಿನ್ ಇಲ್ಲ, ಬೆರಳಲ್ಲೇ ತಳ್ಳಬೇಕು. "ಎಲ್ರೂ ಇಂಟರ್ನ್‌ಶಿಪ್ ಮಾಡಿದ್ರೆ ನೀನು ಆಟದ ರೈಲು ಮಾಡ್ಕೊಂಡು ಕೂತಿದ್ಯಾ?" ಅಂತ ಹಾಸ್ಟೆಲ್‌ನಲ್ಲಿ ಕೇಳದವರಿಲ್ಲ. ಅವರಿಗೆಲ್ಲ ಸೇರಿಸಿ ಇಲ್ಲೇ ಉತ್ತರ ಹೇಳ್ತೀನಿ. ಕಾಪಿ ಹೊಡೆದು ಮುಗಿಸೋಕೆ ಸಾಧ್ಯವೇ ಇಲ್ಲದ ಒಂದು ವಸ್ತುವನ್ನು ನಾವು ಪ್ರತಿಯೊಬ್ಬರೂ ಡಿಗ್ರಿ ಮುಗಿಯುವುದರೊಳಗೆ ಒಮ್ಮೆಯಾದರೂ ಮಾಡಬೇಕು. ಅದನ್ನು ಲ್ಯಾಬಿನಲ್ಲಲ್ಲ, ಮನೆಯಲ್ಲಿ, ಮನೆಯವರ ನಡುವೆ ಕೂತು ಮಾಡಬೇಕು. ಇದು ನನ್ನ ವಾದ.

"ಹಳಿ ಅಂಗಡೀಲೇ ಸಿಗುತ್ತಲ್ಲ?" ಸಿಗುತ್ತೆ. ಆದರೆ ಅದು ನಮ್ಮ ಹಳಿಯಲ್ಲ. ಎಚ್‌ಒ ಅನ್ನುವ ಅಳತೆಯಲ್ಲಿ ಎಲ್ಲವೂ ನಿಜದ 87ನೇ ಒಂದು ಭಾಗ. ಅಂಗಡಿಯ ಎಚ್‌ಒ ಹಳಿಯ ಎರಡು ಕಂಬಿಗಳ ನಡುವೆ 16.5 ಮಿ.ಮೀ. ಅಂತರ. 87ರಿಂದ ಗುಣಿಸಿ ನೋಡಿ, ಸುಮಾರು 1435 ಮಿ.ಮೀ. ಬರುತ್ತೆ. ಅದು ಸ್ಟ್ಯಾಂಡರ್ಡ್ ಗೇಜ್. ನಮ್ಮ ಮೆಟ್ರೋ ಓಡುವ ಅಗಲ. ಆದರೆ ಭಾರತೀಯ ರೈಲ್ವೆಯ ಬ್ರಾಡ್ ಗೇಜ್ 1676 ಮಿ.ಮೀ. ಮಾದರಿಯಲ್ಲಿ ಅದು ಸುಮಾರು 19.2 ಮಿ.ಮೀ. ಆಗಬೇಕು. ಅಂದರೆ ಅಂಗಡಿಯ ಹಳಿಯ ಮೇಲೆ ನಮ್ಮೂರ ರೈಲನ್ನು ನಿಲ್ಲಿಸಿದರೆ, ನಿಜದ ಲೆಕ್ಕದಲ್ಲಿ 24 ಸೆಂ.ಮೀ. ಕಿರಿದಾದ ಹಳಿಯ ಮೇಲೆ ನಿಲ್ಲಿಸಿದ ಹಾಗೆ. ದಪ್ಪ ಮನುಷ್ಯ ಸಣ್ಣ ಸ್ಟೂಲಿನ ಮೇಲೆ ಕೂತಂತೆ ಕಾಣುತ್ತೆ. ಸರಿಯಾದ ಅಗಲ ಬೇಕು ಅಂದ್ರೆ ಕೈಯಲ್ಲೇ ಮಾಡಬೇಕು.

ಮಾಡೋದು ಹೇಗೆ? ಸಾಮಾನು ಬಹುಪಾಲು ನಮಗೆ ಗೊತ್ತಿರುವುದೇ. ಇಸಿಯವರು ಸರ್ಕ್ಯೂಟ್ ಮಾಡೋಕೆ ಬಳಸುವ ಕಾಪರ್ ಕ್ಲ್ಯಾಡ್ ಬೋರ್ಡನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿದರೆ ಸ್ಲೀಪರ್. ನಮ್ಮ ಬ್ರಾಡ್ ಗೇಜ್ ಮುಖ್ಯ ಮಾರ್ಗಗಳಲ್ಲಿ ಕಿಲೋಮೀಟರಿಗೆ 1660 ಸ್ಲೀಪರ್ ಹಾಕುತ್ತಾರೆ, ಅಂದರೆ ಸುಮಾರು 60 ಸೆಂ.ಮೀ.ಗೆ ಒಂದು. ಮಾದರಿಯಲ್ಲಿ 7 ಮಿ.ಮೀ.ಗಿಂತ ಸ್ವಲ್ಪ ಕಡಿಮೆ ಅಂತರ. ಒಂದೂವರೆ ಅಡಿಗೆ ಸುಮಾರು 65 ಸ್ಲೀಪರ್. ಕಂಬಿ ಮಾತ್ರ ಹೊರಗಿಂದ ತರಿಸಿದ್ದು: ನಿಕಲ್ ಸಿಲ್ವರ್, ಎತ್ತರ 1.9 ಮಿ.ಮೀ. ಹೆಸರಲ್ಲಿ ಸಿಲ್ವರ್ ಇದ್ದರೂ ಅದರಲ್ಲಿ ಬೆಳ್ಳಿ ಇಲ್ಲ. ತಾಮ್ರ, ನಿಕಲ್, ಸತುವಿನ ಮಿಶ್ರಣ. ಅದನ್ನು ಸ್ಲೀಪರ್ ಮೇಲಿನ ತಾಮ್ರಕ್ಕೆ ಸೋಲ್ಡರ್ ಮಾಡಬೇಕು. ಪ್ರತಿ ಸ್ಲೀಪರಿನ ನಡುವೆ ತಾಮ್ರವನ್ನು ಅರದಲ್ಲಿ ಗೀರಿ ತೆಗೆಯಲೇಬೇಕು, ಇಲ್ಲದಿದ್ದರೆ ಎರಡು ಕಂಬಿಗಳೂ ಶಾರ್ಟ್.

ಕಂಬಿಗಳ ಅಂತರ ಹಿಡಿದಿಡೋಕೆ ಹಿತ್ತಾಳೆಯ ಗೇಜ್ ಒಂದನ್ನು ಕಾಲೇಜಿನ ವರ್ಕ್‌ಶಾಪ್‌ನಲ್ಲಿ ಅನುಮತಿ ಕೇಳಿ ಲೇತ್ ಮೇಲೆ ಮಾಡಿಕೊಂಡೆ. ಫಸ್ಟ್ ಇಯರ್‌ನಿಂದ ಆ ಲೇತ್ ಮೇಲೆ ನಾನು ಮಾಡಿದ ವಸ್ತುಗಳಲ್ಲಿ ಗುಜರಿಗೆ ಹೋಗದೆ ಉಳಿದದ್ದು ಇದೊಂದೇ.

ಕಷ್ಟ ಇರೋದು ಪಾಯಿಂಟ್ಸ್‌ನಲ್ಲಿ. ನಾನು ಆರಿಸಿಕೊಂಡದ್ದು ನಮ್ಮ ರೈಲ್ವೆಯ 1 ಇನ್ 8.5 ಕ್ರಾಸಿಂಗ್. ಕೋನಮಾಪಕ ಬೇಡ. ಗ್ರಾಫ್ ಶೀಟ್ ಮೇಲೆ 85 ಮಿ.ಮೀ. ಗೆರೆ ಎಳೆದು, ತುದಿಯಲ್ಲಿ ಲಂಬವಾಗಿ 10 ಮಿ.ಮೀ. ಏರಿಸಿ ಸೇರಿಸಿದರೆ ಕೋನ ಸಿದ್ಧ, ಸುಮಾರು 6.7 ಡಿಗ್ರಿ. ಆ ಕೋನಕ್ಕೆ ಎರಡು ಕಂಬಿಗಳನ್ನು ಅರದಲ್ಲಿ ಉಜ್ಜಿ ಚೂಪು ಮೂಗಿನಂತೆ ಕೂಡಿಸಬೇಕು. ನನ್ನ ಮೊದಲ ಮೂರು ಮೂಗು ಹಾಳಾದವು.

ಇಲ್ಲೇ ನಾನು ಕಲಿತದ್ದು. ನಮ್ಮ ಲ್ಯಾಬಿನಲ್ಲಿ ರೀಡಿಂಗ್ ಸರಿ ಬರದಿದ್ದರೆ ಏನು ಮಾಡ್ತೀವಿ ಅಂತ ನಿಮಗೂ ಗೊತ್ತು. ಸೀನಿಯರ್ ರೆಕಾರ್ಡ್ ತೆಗೆದು, ದಶಮಾಂಶದ ಎರಡನೇ ಅಂಕಿ ಬದಲಾಯಿಸಿ ಬರೆದು, ಸೈನ್ ಹಾಕಿಸಿಕೊಂಡು ಬರ್ತೀವಿ. ನಾನೂ ಹಾಗೇ ಮಾಡಿದವನು. ಆದರೆ ಹಳಿಗೆ ರೆಕಾರ್ಡ್ ತೋರಿಸೋಕಾಗಲ್ಲ. ವ್ಯಾಗನ್ ಹೋಗುತ್ತೆ, ಇಲ್ಲ ಬೀಳುತ್ತೆ. ನನ್ನ ಹಳಿಯಲ್ಲಿ 0.2 ಮಿ.ಮೀ. ತಪ್ಪಿದರೆ ನಿಜದ ಲೆಕ್ಕದಲ್ಲಿ 17 ಮಿ.ಮೀ. ತಪ್ಪಿದಂತೆ. ಎಲ್ಲವನ್ನೂ 87 ಪಟ್ಟು ಚಿಕ್ಕದು ಮಾಡಬಹುದು, ನನ್ನ ಕೈಯ ತಪ್ಪನ್ನು ಮಾತ್ರ ಮಾಡೋಕಾಗಲ್ಲ. ಟಾಲರೆನ್ಸ್ ಅನ್ನೋ ಪದವನ್ನು ನಾಲ್ಕು ಸೆಮಿಸ್ಟರ್ ಓದಿದ್ದೆ, ಅರ್ಥವಾದದ್ದು ಅವತ್ತು.

ಇದೆಲ್ಲ ಮನೆಯಲ್ಲೇ ಯಾಕೆ? ನಮ್ಮನೆ ಎರಡು ಕೋಣೆಯದು. ಹವ್ಯಾಸಕ್ಕೆ ಅಂತ ರೂಮಿಲ್ಲ. ಇದ್ದದ್ದು ಊಟದ ಮೇಜು. ಅದರ ಮೇಲೆ ಬೆಳಗ್ಗೆ ತಂಗಿಯ ಪುಸ್ತಕ, ಹತ್ತು ಗಂಟೆಗೆ ಅಮ್ಮ ತರಕಾರಿ ಹೆಚ್ಚೋದು, ಮಧ್ಯಾಹ್ನ ಊಟ, ಸಂಜೆ ಇಸ್ತ್ರಿ. ಮಧ್ಯೆ ಸಿಗೋದು ಅರ್ಧರ್ಧ ಗಂಟೆ. ಎರಡಡಿ ಪ್ಲೈವುಡ್ ಹಲಗೆಯ ಮೇಲೆ ಹಳಿ ಕಟ್ಟಿ, ಊಟದ ಹೊತ್ತಿಗೆ ಎತ್ತಿ ಬೀರುವಿನ ಮೇಲಿಡುತ್ತಿದ್ದೆ. ಮೊದಲು ಇದು ಅಡ್ಡಿ ಅನ್ನಿಸಿತು. ಆಮೇಲೆ ನೋಡಿದರೆ, ಅರ್ಧ ಗಂಟೆಗೆ ಆರು ಸ್ಲೀಪರ್ ಮುಗಿಸಿ ಎದ್ದ ದಿನಗಳಲ್ಲಿ ತಪ್ಪು ಕಡಿಮೆ. ಮನೆಯವರೆಲ್ಲ ಮದುವೆಗೆ ಹೋಗಿದ್ದಾಗ ಇಡೀ ದಿನ ಕೂತು ಮಾಡಿದ 20 ಸ್ಲೀಪರ್‌ಗಳಲ್ಲಿ ಒಂದಕ್ಕೆ ಗೀರು ಹಾಕೋದೇ ಮರೆತಿದ್ದೆ. ಮಲ್ಟಿಮೀಟರ್ ಕೀಂ ಅಂತ ಕೂಗಿದಾಗಲೇ ಗೊತ್ತಾದದ್ದು. ಯಾವುದು ಅಂತ ಹುಡುಕೋಕೆ ಇನ್ನೆರಡು ದಿನ ಹೋಯಿತು.

ಮನೆಯವರು ಬರೀ ಜಾಗ ಕೊಟ್ಟವರಲ್ಲ. ಸೋಲ್ಡರ್ ತಂತಿಯಲ್ಲಿ ಸೀಸ ಇರುತ್ತೆ ಅಂತ ತಂಗಿ ಬಾಯಿಬಿಟ್ಟ ದಿನ ಅಮ್ಮ, "ಅನ್ನ ತಿನ್ನೋ ಜಾಗದಲ್ಲಿ ವಿಷ ಕಾಯಿಸ್ತೀಯೇನೋ? ತಗೊಂಡು ಆಚೆ ನಡಿ" ಅಂದರು. ಬೇಜಾರಾಯಿತು. ಆದರೆ ಅಮ್ಮ ಹೇಳಿದ್ದೇ ಸರಿ. ಅಂದಿನಿಂದ ಸೋಲ್ಡರಿಂಗ್, ಅರದ ಕೆಲಸ ಎರಡೂ ಜಗಲಿಗೆ ಹೋದವು. ಮೇಜಿನ ಮೇಲೆ ಅಳತೆ, ಡ್ರಾಯಿಂಗ್ ಮಾತ್ರ. ಮೂರು ವರ್ಷದ ಲ್ಯಾಬಿನಲ್ಲಿ ನಾನು ಸೋಲ್ಡರ್ ಮಾಡಿ ಕೈ ತೊಳೆದ ನೆನಪಿಲ್ಲ.

ಕೊನೆಯ ತಪ್ಪು ಹಿಡಿದವಳು ತಂಗಿ. ವರ್ನಿಯರ್ ಪ್ರಕಾರ ಗೇಜ್ ಎಲ್ಲ ಕಡೆ ಸರಿ ಇತ್ತು. ಅವಳು ವ್ಯಾಗನ್ ಮೇಲೆ ಒಂದು ಬೆರಳಿಟ್ಟು ತಳ್ಳಿ, "ಅಣ್ಣ, ಇಲ್ಲಿ ಕುಲುಕ್ತಾ ಇದೆ ನೋಡು" ಅಂದಳು. ಕುಲುಕುತ್ತಿದ್ದದ್ದು ಕ್ರಾಸಿಂಗ್ ಮೂಗಿನ ಹತ್ತಿರ. ಅದರ ಎದುರು ಕಂಬಿಯ ಪಕ್ಕ ಚೆಕ್ ರೇಲ್ ಅಂತ ತುಂಡು ಕಂಬಿ ಇರುತ್ತೆ. ಚಕ್ರದ ಬೆನ್ನನ್ನು ಹಿಡಿದು, ಇನ್ನೊಂದು ಚಕ್ರ ಮೂಗಿನ ತಪ್ಪು ಬದಿಗೆ ಹೋಗದಂತೆ ತಡೆಯೋದು ಅದರ ಕೆಲಸ. ನಾನು ಕಂಬಿಯಿಂದ ಕಂಬಿಗೆ ಅಳೆದಿದ್ದೆ. ಚೆಕ್ ರೇಲ್‌ನಿಂದ ಮೂಗಿಗೆ ಅಳೆದೇ ಇರಲಿಲ್ಲ. ಅಳತೆ ಸರಿ ಇತ್ತು, ಅಳೆದ ಜಾಗ ತಪ್ಪು. ಒಬ್ಬನೇ ರೂಮಿನಲ್ಲಿ ಕೂತಿದ್ದರೆ ನನಗೆ ಇದು ಹೊಳೆಯುತ್ತಿರಲಿಲ್ಲ.

ಈ ಹವ್ಯಾಸದ ಇತಿಹಾಸದಲ್ಲೂ ಮನೆ ಹೀಗೇ ಸೇರಿಕೊಂಡಿದೆ. ಇಂಗ್ಲೆಂಡಿನ ಪೀಟರ್ ಡೆನ್ನಿ ಅನ್ನುವ ಪಾದ್ರಿ 1940ರ ದಶಕದಲ್ಲಿ ಬಕಿಂಗ್‌ಹ್ಯಾಮ್ ಎಂಬ ಮಾದರಿ ರೈಲುಮಾರ್ಗ ಶುರುಮಾಡಿ ದಶಕಗಟ್ಟಲೆ ಮನೆಯಲ್ಲೇ ಕಟ್ಟುತ್ತಾ ಹೋದರು, ಹಳಿಯೂ ಕೈಯಲ್ಲೇ. ಅದನ್ನು ಓಡಿಸೋಕೆ ಮಗ ಕ್ರಿಸ್ಪಿನ್ ಜೊತೆಗಿದ್ದ. ಅವನು ಮನೆಯಿಂದ ದೂರ ಹೋದಾಗ ಅವನ ಕೆಲಸ ಮಾಡುವ ಯಂತ್ರವೊಂದನ್ನು ಕಟ್ಟಿ, ಅದಕ್ಕೆ 'ಆಟೊಮ್ಯಾಟಿಕ್ ಕ್ರಿಸ್ಪಿನ್' ಅಂತ ಹೆಸರಿಟ್ಟರು. ತಮಾಷೆಯ ಹೆಸರು ನಿಜ. ಆದರೆ ಹಾಸ್ಟೆಲ್‌ನಲ್ಲಿರುವ ನಮಗೆ ಅದರ ಹಿಂದಿನ ಖಾಲಿತನವೂ ಅರ್ಥವಾಗುತ್ತೆ.

"3ಡಿ ಪ್ರಿಂಟ್ ಮಾಡಿದ್ರೆ ಒಂದೇ ದಿನದಲ್ಲಿ ಆಗ್ತಿತ್ತು" ಅನ್ನೋರಿದ್ದಾರೆ. ಸ್ಲೀಪರ್‌ಗಳನ್ನು ಖಂಡಿತ ಮಾಡಬಹುದು. ಆಗಲೂ ಕಂಬಿ ಉಜ್ಜೋದು, ಚೆಕ್ ರೇಲ್ ಕೂರಿಸೋದು ನಮ್ಮ ಕೈಗೇ ಬರುತ್ತೆ. "ರೆಸ್ಯೂಮೆಯಲ್ಲಿ ಏನಂತ ಹಾಕ್ತೀಯ?" ಅನ್ನೋರೂ ಇದ್ದಾರೆ. ಹಾಕಲ್ಲ. ಹಾಕೋಕೆ ಅಂತಲೇ ಮಾಡಿದ್ದರೆ ಮೂರನೇ ಮೂಗು ಹಾಳಾದಾಗಲೇ ಬಿಟ್ಟು ಸರ್ಟಿಫಿಕೇಟ್ ಕೋರ್ಸ್ ಸೇರುತ್ತಿದ್ದೆ.

ಉತ್ತರವಿಲ್ಲದ ಆಕ್ಷೇಪ ಒಂದೇ, ಅದನ್ನು ಯಾರೂ ಕೇಳಲಿಲ್ಲ. ನನಗೆ ದಿನಕ್ಕೆರಡು ಅರ್ಧ ಗಂಟೆ ಸಿಕ್ಕಿದ್ದು ಅಮ್ಮ ಮೇಜನ್ನು ಬೇಗ ಖಾಲಿ ಮಾಡಿಕೊಟ್ಟಿದ್ದರಿಂದ. ಅವರಿಗೆ ಅಂಥ ಅರ್ಧ ಗಂಟೆ ಕೊಟ್ಟವರು ಯಾರು? ಈ ಲೆಕ್ಕ ಹೊಳೆದದ್ದು ರಜೆ ಮುಗಿಯೋ ಹೊತ್ತಿಗೆ. ಕೊನೆಯ ಹತ್ತು ದಿನ ತರಕಾರಿ ಹೆಚ್ಚೋದು, ಪಾತ್ರೆ ತೊಳೆಯೋದು ನಾನು ತಗೊಂಡೆ. ಹಳಿ ನಿಧಾನವಾಯಿತು. ಸೊಸೈಟಿ ಲೈಬ್ರರಿಯಿಂದ ತಂದಿಟ್ಟಿದ್ದ ಕಾದಂಬರಿಯನ್ನು ಅಮ್ಮ ಓದಿ ಮುಗಿಸಿದರು.

ನಿಮ್ಮದು ಹಳಿಯೇ ಆಗಬೇಕಿಲ್ಲ. ಗಡಿಯಾರ, ರೇಡಿಯೊ, ಮರದ ಪೆಟ್ಟಿಗೆ, ಏನಾದರೂ ಆಗಲಿ. ಮುಂದಿನ ರಜೆಗೆ ಊರಿಗೆ ಹೋದಾಗ ಶುರುಮಾಡಿ. ಮೊದಲು ಮೇಜು ಯಾವಾಗ ಖಾಲಿ ಇರುತ್ತೆ ಅಂತ ಕೇಳಿ. ಆಮೇಲೆ, ಅದನ್ನು ಖಾಲಿ ಮಾಡೋಕೆ ನಾನೇನು ಮಾಡಲಿ ಅಂತಲೂ ಕೇಳಿ.