ಕಾರಿನ ಸರ್ವಿಸ್ ನಾವೇ ಮಾಡಿಕೊಳ್ಳಬಹುದೇ? ವಾರಂಟಿ ಏನಾಗುತ್ತದೆ?

‘ಹೊರಗೆ ಸರ್ವಿಸ್ ಮಾಡಿಸಿದರೆ ವಾರಂಟಿ ಖತಂ’ ಎನ್ನುವ ಫಾರ್ವರ್ಡ್ ಒಂದು ಕಡೆ, ‘ಶೋರೂಮಿನವರದ್ದು ಬರೀ ಲೂಟಿ, ಮನೆಯಲ್ಲೇ ಮಾಡಿಕೊಳ್ಳಿ’ ಎನ್ನುವ ವಿಡಿಯೊ ಇನ್ನೊಂದು ಕಡೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಯಾವುದಾದರೂ ವರ್ಕ್‌ಶಾಪಿನಿಂದ ಎಸ್ಟಿಮೇಟ್ ಬಂದ ದಿನ ಎರಡೂ ನಿಜ ಅನಿಸುತ್ತವೆ. ಆದರೆ ಎರಡೂ ಪೂರ್ತಿ ನಿಜವಲ್ಲ.

ಮೊದಲು ವಾರಂಟಿ ವಿಷಯ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಹೊರಗಿನ ಗ್ಯಾರೇಜಿಗೆ ಹೋದರು ಎಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡುವ ಷರತ್ತು ಹಾಕಬಾರದು, ಹೊರಗಿನ ತಪ್ಪು ರಿಪೇರಿಯಿಂದ ಹಾನಿಯಾಗಿದ್ದರೆ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿ ಸಲ್ಲಿಸಿದವು. ಇಲ್ಲಿ ಒಂದು ಸೂಕ್ಷ್ಮವಿದೆ: ಆ ಮಾತು ಸ್ವತಂತ್ರ ಗ್ಯಾರೇಜುಗಳ ಬಗ್ಗೆ, ಮನೆಯಂಗಳದಲ್ಲಿ ನೀವೇ ಮಾಡಿದ ಕೆಲಸದ ಬಗ್ಗೆ ಅಲ್ಲ. ನೀವು ಆಯಿಲ್ ಬದಲಿಸಿದ್ದಕ್ಕೆ ಬಿಲ್ ಇರುವುದಿಲ್ಲ. ನಾಳೆ ಎಂಜಿನ್ ಕೆಟ್ಟರೆ ವಾದಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ವಾರಂಟಿ ಇರುವಷ್ಟು ದಿನ ನಿಗದಿತ ಸರ್ವಿಸ್‌ಗಳನ್ನು ಅಧಿಕೃತ ವರ್ಕ್‌ಶಾಪಿನಲ್ಲೇ ಮಾಡಿಸುವುದು ಜಾಣತನ ಎಂಬುದು ನಮ್ಮ ಅಭಿಪ್ರಾಯ.

ದುಡ್ಡು ಉಳಿಯುವ ಜಾಗ ಬೇರೆ ಇದೆ. ಕಾರಿನ ಮ್ಯಾನ್ಯುಯಲ್ ತೆರೆದು ಎಸ್ಟಿಮೇಟಿನ ಪಕ್ಕ ಇಡಿ. ಇಷ್ಟು ಕಿಲೋಮೀಟರಿಗೆ ಅಥವಾ ಇಷ್ಟು ತಿಂಗಳಿಗೆ ಏನು ಬದಲಿಸಬೇಕು, ಏನನ್ನು ನೋಡಿದರೆ ಸಾಕು ಎಂಬ ಪಟ್ಟಿ ಅದರಲ್ಲಿರುತ್ತದೆ. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಟೆಫ್ಲಾನ್ ಕೋಟಿಂಗ್‌ನಂಥವು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಕಾರಿಗೆ ತೊಂದರೆಯೇನೂ ಇಲ್ಲದಿದ್ದರೆ ‘ಬ್ಯಾಡ್ರಿ’ ಅಂದುಬಿಡಿ. ಪಾನಾ ಹಿಡಿಯದೆ ಆಗುವ ಉಳಿತಾಯ ಇದು.

ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಹೋಗಿಬರುವವರಿಗೆ ತಿಂಗಳಿಗೆ ಸುಮಾರು 1,000 ಕಿಲೋಮೀಟರ್ ಆಗುತ್ತದೆ. 10,000ದ ಸರ್ವಿಸ್ ಹತ್ತೇ ತಿಂಗಳಿಗೆ ಬರುತ್ತದೆ. ಭಾನುವಾರ ಮಾತ್ರ ಉಣಕಲ್ ಕೆರೆಗೆ ಹೋಗುವ ಕಾರಿಗೆ ಕಿಲೋಮೀಟರ್‌ಗಿಂತ ಮೊದಲು ವರ್ಷ ತುಂಬುತ್ತದೆ. ‘ಓಡೇ ಇಲ್ಲ, ಆಯಿಲ್ ಯಾಕೆ’ ಎನ್ನುವಂತಿಲ್ಲ. ಎಂಜಿನ್ ಸರಿಯಾಗಿ ಬಿಸಿಯಾಗದ ಸಣ್ಣ ಓಡಾಟದಲ್ಲಿ ಆಯಿಲ್‌ಗೆ ಸೇರಿದ ತೇವ ಅಲ್ಲೇ ಉಳಿಯುತ್ತದೆ.

ನೀವೇ ಮಾಡಿಕೊಳ್ಳಬಹುದಾದ ಕೆಲಸಗಳೂ ಇವೆ. ಕಲಘಟಗಿ ಕಡೆಯ ಕೆಂಪು ಧೂಳು, ನವಲಗುಂದ ಕಡೆಯ ಎರೆಹೊಲಗಳ ಧೂಳು ತಿನ್ನುವ ನಮ್ಮ ಕಾರುಗಳಲ್ಲಿ ಏರ್ ಫಿಲ್ಟರ್ ಮತ್ತು ಎಸಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತವೆ. ಬಹಳಷ್ಟು ಕಾರುಗಳಲ್ಲಿ ಇವನ್ನು ಬದಲಿಸುವುದು ನಾಲ್ಕು ಕ್ಲಿಪ್ಪಿನ ಕೆಲಸ. ವೈಪರ್ ಬ್ಲೇಡ್, ಟೈರಿನ ಗಾಳಿ, ಕೂಲಂಟ್ ಮಟ್ಟ ಕೂಡ ಹಾಗೇ. ಕೂಲಂಟ್ ಮುಚ್ಚಳವನ್ನು ಮಾತ್ರ ಎಂಜಿನ್ ಬಿಸಿಯಿದ್ದಾಗ ತೆಗೆಯಬೇಡಿ.

ಬ್ರೇಕಿಗೆ ಕೈ ಹಾಕಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಅದಕ್ಕೇ ಹಲವು ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ಬದಲಿಸುವಾಗ ಪೈಪಿನಲ್ಲಿ ಗಾಳಿ ಉಳಿದರೆ ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ. ಕಾರವಾರಕ್ಕೆ ಹೊರಟು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಅದು ಗೊತ್ತಾದರೆ ಗತಿಯೇನು? ಏರ್‌ಬ್ಯಾಗ್, ಟೈಮಿಂಗ್ ಬೆಲ್ಟ್ ಕೂಡ ಮೆಕ್ಯಾನಿಕ್‌ಗೇ ಇರಲಿ.

ಎಂಜಿನ್ ಆಯಿಲ್ ಇವೆರಡರ ನಡುವಿನದು. ವಾರಂಟಿ ಮುಗಿದಿದ್ದರೆ, ಕೈಗೆ ಅಭ್ಯಾಸವಿದ್ದರೆ ಮಾಡಬಹುದು. ಆದರೆ ಡಿಕ್ಕಿಯಲ್ಲಿರುವ ಜಾಕ್ ಟೈರ್ ಬದಲಿಸಲು ಕೊಟ್ಟದ್ದು. ಅದೊಂದನ್ನೇ ನಂಬಿ ಕಾರಿನ ಕೆಳಗೆ ತೂರುವುದು ಪ್ರಾಣಕ್ಕೆ ಅಪಾಯ, ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಸ್ಟ್ಯಾಂಡ್, ಪಾನಾ, ಫಿಲ್ಟರ್ ಬಿಚ್ಚುವ ಸಾಧನ ಎಲ್ಲ ಕೊಂಡು ವರ್ಷಕ್ಕೊಮ್ಮೆ ಬಳಸಿದರೆ ಅದರ ದುಡ್ಡು ಮರಳಲು ಹಲವು ವರ್ಷ ಬೇಕು. ಇನ್ನು ಇಳಿಸಿದ ಮೂರು-ನಾಲ್ಕು ಲೀಟರ್ ಕಪ್ಪು ಆಯಿಲ್. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಗಟಾರಕ್ಕೆ ಸುರಿದರೆ ನಾಲಾ ಸೇರುತ್ತದೆ. ಹಳೆಯ ಡಬ್ಬಿಯಲ್ಲೇ ತುಂಬಿ, ಬಳಸಿದ ಆಯಿಲ್ ಅನ್ನು ನೋಂದಾಯಿತ ಮರುಬಳಕೆದಾರರಿಗೆ ಕೊಡುವ ಗ್ಯಾರೇಜಿಗೆ ಕೇಳಿ ಒಪ್ಪಿಸಿ.