‘ಎಲ್ಲರೂ’ ಅಂತ ಇದ್ದ ಮಾತ್ರಕ್ಕೆ ಹೊಡೆದು ಹಾಕಬೇಡಿ

ಪ್ಲೇಸ್‌ಮೆಂಟ್ ಹತ್ತಿರ ಬಂತು ಅಂದ್ರೆ ಹಾಸ್ಟೆಲ್ ತುಂಬ ಆಪ್ಟಿಟ್ಯೂಡ್ ಟ್ರಿಕ್‌ಗಳು ಹರಿದಾಡ್ತವೆ. ಅದರಲ್ಲೊಂದು: ‘ಎಲ್ಲರೂ’, ‘ಮಾತ್ರ’, ‘ಎಂದಿಗೂ’ ಥರದ ಗಟ್ಟಿ ಪದ ಇರೋ ಆಯ್ಕೆಯನ್ನ ಕಣ್ಣುಮುಚ್ಚಿ ಹೊಡೆದು ಹಾಕಿ. ವಾದವನ್ನು ದುರ್ಬಲಗೊಳಿಸುವ ‘ವೀಕನ್’ ಪ್ರಶ್ನೆಗಳಲ್ಲಿ ಈ ಟ್ರಿಕ್ ನಂಬಬಾರದು ಅನ್ನೋದು ನಮ್ಮ ಅಭಿಪ್ರಾಯ.

ಕ್ಯಾಂಟೀನಿನಲ್ಲಿ ಕೇಳಿಬರೋ ವಾದವನ್ನೇ ತಗೊಳ್ಳೋಣ. “ಮೊದಲ ಸೆಮಿಸ್ಟರಿನ ಗಣಿತದಲ್ಲಿ ಕನ್ನಡ ಮೀಡಿಯಂನಿಂದ ಬಂದವರ ಸರಾಸರಿ ಅಂಕ ಕಡಿಮೆ. ಆದ್ದರಿಂದ ಅವರಿಗೆ ಗಣಿತದ ಸಾಮರ್ಥ್ಯ ಕಡಿಮೆ.” ಕೆಳಗಿನವುಗಳಲ್ಲಿ ಯಾವುದು ನಿಜವಾದರೆ ಈ ವಾದ ಅತಿ ಹೆಚ್ಚು ದುರ್ಬಲವಾಗುತ್ತದೆ?

ಎ) ಅವರಲ್ಲಿ ಕೆಲವರು ಒಳ್ಳೆಯ ಅಂಕ ತೆಗೆದಿದ್ದಾರೆ.
ಬಿ) ಅವರು ಉಳಿದವರಿಗಿಂತ ಹೆಚ್ಚು ಕಷ್ಟಪಟ್ಟು ಓದುತ್ತಾರೆ.
ಸಿ) ಅದೇ ಪ್ರಶ್ನೆಗಳನ್ನು ಕನ್ನಡದಲ್ಲಿ ಕೊಟ್ಟಾಗ ಅವರೆಲ್ಲರೂ ಉಳಿದವರಷ್ಟೇ ಅಂಕ ತೆಗೆಯುತ್ತಾರೆ.

‘ಎ’ಯಿಂದ ಏನೂ ಆಗಲ್ಲ. ಸರಾಸರಿ ಅಂದ ಮೇಲೆ ಕೆಲವರು ಮೇಲಿರೋದು ಸಹಜ. ‘ಬಿ’ ಓದೋಕೆ ಹಿತವಾಗಿದೆ, ಆದರೆ ಕಷ್ಟಪಟ್ಟರೂ ಅಂಕ ಕಡಿಮೆ ಅಂದ್ರೆ ವಾದ ಇನ್ನೂ ಗಟ್ಟಿಯಾಯ್ತು! ಪೆಟ್ಟು ಬೀಳೋದು ‘ಸಿ’ಯಿಂದ. ಅಂಕ ಅಳೆದದ್ದು ಗಣಿತವನ್ನಲ್ಲ, ಇಂಗ್ಲಿಷನ್ನ ಅನ್ನೋ ಅನುಮಾನ ಅದು ಹುಟ್ಟಿಸುತ್ತೆ. ಟ್ರಿಕ್ ನಂಬಿದವರು ಮೊದಲು ಹೊಡೆದು ಹಾಕೋದೂ ಇದನ್ನೇ.

“ಎಲ್ಲರೂ ಅಂದ್ರೆ ಜಾಸ್ತಿ ಆಯ್ತಲ್ವಾ?” ಅಂತ ಇಲ್ಲಿ ಕೇಳುವಂತಿಲ್ಲ. ‘ನಿಜವಾದರೆ’ ಅಂತ ಪ್ರಶ್ನೆಯೇ ಹೇಳಿದೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರನ್ನ ನೋಡಿ ನಗ್ತೀವಿ, ವೀಕನ್ ಪ್ರಶ್ನೆಯಲ್ಲಿ ಮಾತ್ರ ಹಾಗೇ ಕಟ್ಟಬೇಕು. ಕಟ್ಟಿದ ಮೇಲೆ ವಾದ ನಿಲ್ಲುತ್ತಾ ನೋಡಬೇಕು. ಗಟ್ಟಿ ಪದ ಅನುಮಾನಾಸ್ಪದ ಆಗೋದು ಇನ್‌ಫರೆನ್ಸ್ ಪ್ರಶ್ನೆಗಳಲ್ಲಿ. ಅಲ್ಲಿ ಆಯ್ಕೆಯನ್ನೇ ಪ್ಯಾಸೇಜಿನಿಂದ ಸಾಧಿಸಬೇಕು.

ಇನ್ನೊಂದು ಮಾತು. ದುರ್ಬಲಗೊಳಿಸೋದು ಅಂದ್ರೆ ಸುಳ್ಳೆಂದು ಸಾಧಿಸೋದಲ್ಲ. ‘ಕಡಿಮೆ ಅಂಕ’ದಿಂದ ‘ಕಡಿಮೆ ಸಾಮರ್ಥ್ಯ’ಕ್ಕೆ ಹಾಕಿದ ಸೇತುವೆ ಅಲ್ಲಾಡಿದರೆ ಸಾಕು.

ಜಿಮ್ಯಾಟ್‌ನ ವರ್ಬಲ್ ವಿಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ. ಟ್ರಿಕ್ ಬೇಕು ಅನ್ನಿಸೋದು ಸಹಜವೇ. ಆದರೆ ಕ್ಯಾಂಟೀನಿನಲ್ಲಿ ಟೈಮರ್ ಇಲ್ಲ. ಅಲ್ಲಿ ಯಾರಾದರೂ ಮೇಲಿನ ವಾದ ಹೂಡಿದಾಗ “ಪಾಪ, ಅವರೂ ಕಷ್ಟಪಡ್ತಾರೆ” ಅಂದು ಸುಮ್ಮನಾದರೆ ನಾವು ‘ಬಿ’ ಟಿಕ್ ಮಾಡಿದಂಗೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಾವು ಕೇಳಬೇಕಾದ್ದು ಇಷ್ಟೇ: “ಪ್ರಶ್ನೆಪತ್ರಿಕೆ ಯಾವ ಭಾಷೇಲಿತ್ತು?”